ತಟ್ಟೆಗೆ ಬಂದ ಮೀನಿನ ವಯಸ್ಸೆಷ್ಟು?

ಮೀನಿನ ತಲೆಯೊಳಗೆ ಪುಟ್ಟ ಬಿಳಿ ಕಲ್ಲುಗಳಿರುತ್ತವೆ. ಮೀನು ನೀರಿನಲ್ಲಿ ವಾಲದೆ ಈಜುವುದು, ಸದ್ದು ಕೇಳಿಸಿಕೊಳ್ಳುವುದು ಇವುಗಳ ನೆರವಿನಿಂದ. ಹಾಗಾಗಿ ಕಿವಿಕಲ್ಲು ಎನ್ನಬಹುದು. ಮೀನು ಬೆಳೆದಂತೆ ಕಲ್ಲೂ ಪದರ ಪದರವಾಗಿ ಬೆಳೆಯುತ್ತದೆ. ಅದನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಮರದ ಕಾಂಡದಲ್ಲಿ ಕಾಣುವಂಥ ಬಳೆಗಳು ಕಾಣುತ್ತವೆ. ವರ್ಷಕ್ಕೊಂದು ಬಳೆ. ಎಣಿಸಿದರೆ ವಯಸ್ಸು ಸಿಗುತ್ತದೆ.

ಈ ಎಣಿಕೆ ತಡವಾಗಿದ್ದಕ್ಕೆ ಒಂದು ಮೀನು ದೊಡ್ಡ ಬೆಲೆ ತೆತ್ತಿದೆ. ಅದರ ಹೆಸರು ಆರೆಂಜ್ ರಫಿ. ಆಳ ಸಮುದ್ರದ ಕೆಂಪು ಮೀನು. ಇಂಗ್ಲಿಷಿನಲ್ಲಿ ಅದರ ಕುಟುಂಬಕ್ಕೆ ಇದ್ದ ಹಳೆಯ ಹೆಸರಿನ ಅರ್ಥ 'ಲೋಳೆತಲೆ'. ಆ ಹೆಸರಿನಲ್ಲಿ ಯಾರು ಕೊಳ್ಳುತ್ತಾರೆ? ಮಾರುಕಟ್ಟೆಗೆ ತರುವಾಗ ಹೊಸ ಹೆಸರು ಕೊಟ್ಟರು. 1970ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡ್ ಸುತ್ತಮುತ್ತ, ಆಮೇಲೆ ಆಸ್ಟ್ರೇಲಿಯಾದ ಕಡೆ, ಸಮುದ್ರದಡಿಯ ಬೆಟ್ಟಗಳ ಮೇಲೆ ಇದು ಗುಂಪುಗೂಡುವ ಜಾಗಗಳು ಸಿಕ್ಕವು. ಬಲೆ ಇಳಿಸಿದರೆ ಟನ್‌ಗಟ್ಟಲೆ ಮೀನು. ಇದು ಸಾಧಾರಣ ವೇಗದಲ್ಲಿ ಬೆಳೆಯುವ ಮೀನು ಎಂದೇ ಆಗ ಅಂದುಕೊಂಡಿದ್ದರು. ಕಿವಿಕಲ್ಲನ್ನು ಸರಿಯಾಗಿ ಓದಲು ಬಂದಾಗ ಗೊತ್ತಾಯಿತು, ಇದು ನೂರು ವರ್ಷಕ್ಕೂ ಮೀರಿ ಬದುಕುತ್ತದೆ ಎಂದು. ಮೊದಲ ಸಲ ಮೊಟ್ಟೆ ಇಡಲೇ ಇಪ್ಪತ್ತು, ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ಎಷ್ಟೋ ಗುಂಪುಗಳು ಖಾಲಿಯಾಗಿದ್ದವು.

ಒಂದು ಊಟಕ್ಕೆ ಒಂದು ಶತಮಾನ. ಇದನ್ನು ಮೊದಲ ಸಲ ಓದಿದಾಗಿನಿಂದ, ಯಾವ ಮೀನು ಕಂಡರೂ ನನಗೆ ಮೊದಲು ಹುಟ್ಟುವ ಪ್ರಶ್ನೆ ಇದೇ: ಇದರ ವಯಸ್ಸೆಷ್ಟು? ಸಮುದ್ರದ ಮೀನನ್ನು ಜವಾಬ್ದಾರಿಯಿಂದ ತಿನ್ನುವುದು ಹೇಗೆ ಎಂಬುದಕ್ಕೆ ಉದ್ದುದ್ದ ಪಟ್ಟಿಗಳಿವೆ. ಇದನ್ನು ತಿನ್ನಿ, ಅದನ್ನು ಬಿಡಿ. ಆ ಪಟ್ಟಿಗಳಿಂದ ಉಪಯೋಗ ಇದೆ. ಆದರೆ ಅವುಗಳ ಹಿಂದಿನ ಕಾರಣ ತಿಳಿಯದಿದ್ದರೆ, ಪಟ್ಟಿ ಹಳತಾದ ದಿನ ನಾವೂ ದಾರಿ ತಪ್ಪುತ್ತೇವೆ. ಹುಡುಕುತ್ತಾ ಹೋದರೆ ಆ ಕಾರಣಗಳಲ್ಲಿ ಹೆಚ್ಚಿನವು ಮೀನಿನ ವಯಸ್ಸಿಗೇ ಬಂದು ಸೇರುತ್ತವೆ.

ಬಿತ್ತನೆಯ ಕಾಳು

ಅಕ್ಕಿ, ಬೇಳೆ, ಕೋಳಿ, ಕುರಿ ಎಲ್ಲವನ್ನೂ ಮನುಷ್ಯ ಬೆಳೆಸಿ ತಿನ್ನುತ್ತಾನೆ. ಇಡೀ ಜಗತ್ತು ಇಷ್ಟು ದೊಡ್ಡ ಪ್ರಮಾಣದಲ್ಲಿ ಈಗಲೂ ಬೇಟೆಯಾಡಿ ತಿನ್ನುವ ಪ್ರಾಣಿ ಮೀನೊಂದೇ. 2022ರಲ್ಲಿ ಸಮುದ್ರ, ನದಿ, ಕೆರೆಗಳಿಂದ ಹಿಡಿದ ಮೀನು, ಸಿಗಡಿ, ಏಡಿ ಎಲ್ಲ ಸೇರಿ ಸುಮಾರು 9.1 ಕೋಟಿ ಟನ್. ಅದೇ ವರ್ಷ ಸಾಕಣೆಯ ಮೀನು ಮೊದಲ ಸಲ ಇದನ್ನು ದಾಟಿತು. ಹಾಗಿದ್ದರೂ ಕಡಲಿನಿಂದ ಹಿಡಿಯುವುದು ಕಡಿಮೆಯೇನೂ ಆಗಿಲ್ಲ.

ಕಡಲಿನಲ್ಲಿ ಬಿತ್ತುವವರು ಯಾರೂ ಇಲ್ಲ. ಉಳಿದ ಮೀನೇ ಬೀಜ. ಬಿತ್ತನೆಗೆ ಎತ್ತಿಟ್ಟ ಕಾಳನ್ನೇ ಬೇಯಿಸಿ ಉಂಡರೆ ಮುಂದಿನ ವರ್ಷ ಏನು ಗತಿ ಎಂದು ಯಾವ ರೈತರಿಗೂ ಹೇಳಿಕೊಡಬೇಕಿಲ್ಲ. ಕಡಲಿನಲ್ಲಿ ಆ ಕಾಳು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಜಗತ್ತಿನ ಸಮುದ್ರ ಮೀನಿನ ಗುಂಪುಗಳ ಲೆಕ್ಕ ಇಡುತ್ತದೆ. ಒಂದು ಪ್ರದೇಶದ ಒಂದು ಜಾತಿಯ ಮೀನಿನ ಸಮೂಹವೇ ಒಂದು ಗುಂಪು. 1974ರಲ್ಲಿ ಮಿತಿ ಮೀರಿ ಹಿಡಿಯುತ್ತಿದ್ದ ಗುಂಪುಗಳು ಸುಮಾರು ಶೇ. 10 ಇದ್ದವು. 2025ರಲ್ಲಿ ಹೊರಬಂದ ವರದಿಯ ಪ್ರಕಾರ ಈಗ ಶೇ. 35.5. ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ.

ಈ ಒಂದೇ ಸಂಖ್ಯೆ ನೋಡಿ ಹೆದರಿ ಮೀನೇ ಬೇಡ ಎನ್ನುವವರಿದ್ದಾರೆ. ಅದೇ ವರದಿಯನ್ನು ಇನ್ನಷ್ಟು ಓದಬೇಕು. ಪೆಸಿಫಿಕ್‌ನ ಈಶಾನ್ಯ ಭಾಗದಲ್ಲಿ, ಅಂದರೆ ಅಲಾಸ್ಕಾ ಕಡೆಯ ಕಡಲಿನಲ್ಲಿ, ಶೇ. 92.7ರಷ್ಟು ಗುಂಪುಗಳು ಮಿತಿಯೊಳಗಿವೆ. ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರದಲ್ಲಿ ಶೇ. 35.1 ಮಾತ್ರ. ಟ್ಯೂನಾ ಗುಂಪುಗಳಲ್ಲಿ ಶೇ. 87 ಮಿತಿಯೊಳಗಿದ್ದರೆ, ಆಳ ಸಮುದ್ರದ ಜಾತಿಗಳಲ್ಲಿ ಶೇ. 29. ಎಲ್ಲಿ ನಿಗಾ ಇದೆಯೋ, ವಿಜ್ಞಾನಿಗಳು ಹೇಳಿದ ಮಿತಿಗೆ ದೋಣಿಗಳು ನಿಜವಾಗಿ ನಿಲ್ಲುತ್ತವೆಯೋ, ಅಲ್ಲಿ ಮೀನಿದೆ. ಆಳದಲ್ಲಿ, ಕತ್ತಲಲ್ಲಿ, ತಣ್ಣೀರಿನಲ್ಲಿ ನಿಧಾನಕ್ಕೆ ಬೆಳೆಯುವ ಮೀನಿಗೆ ಮಾತ್ರ ನಮ್ಮ ವೇಗ ತಡೆದುಕೊಳ್ಳಲು ಆಗುತ್ತಿಲ್ಲ.

ಅಜ್ಜಿ ಮೀನು

ದೊಡ್ಡ ಮೀನು ಹಿಡಿದರೆ ಪರವಾಗಿಲ್ಲ, ಮರಿಗಳನ್ನು ಬಿಡಬೇಕು. ಇದು ನಾವೆಲ್ಲ ಒಪ್ಪುವ ಮಾತು, ಅಲ್ವಾ? ಅರ್ಧ ಮಾತ್ರ ಸರಿ.

ಮರಿ ಹಿಡಿಯಬಾರದು ಎಂಬುದು ಖಂಡಿತ ನಿಜ. ಒಂದು ಸಲವೂ ಮೊಟ್ಟೆ ಇಡದ ಮೀನು ಬಲೆಗೆ ಬಿದ್ದರೆ ಮುಂದಿನ ತಲೆಮಾರು ಅಲ್ಲಿಗೇ ನಿಂತಿತು. ಬಲೆಯ ಕಣ್ಣು ಇಷ್ಟು ದೊಡ್ಡದಿರಬೇಕು, ಇಷ್ಟು ಉದ್ದಕ್ಕಿಂತ ಚಿಕ್ಕ ಮೀನು ಮಾರಬಾರದು ಎಂಬ ನಿಯಮಗಳು ಹುಟ್ಟಿದ್ದೇ ಇದಕ್ಕೆ. ಆದರೆ ಇನ್ನೊಂದು ತುದಿಯನ್ನು ನಾವು ಮರೆಯುತ್ತೇವೆ. ಉತ್ತರ ಅಟ್ಲಾಂಟಿಕ್ ಕಡಲಿನಲ್ಲಿ ಕಾಡ್ (cod) ಎಂಬ ಮೀನಿದೆ. 30 ಕಿಲೋ ತೂಗುವ ಒಂದು ಹೆಣ್ಣು ಕಾಡ್ ಇಡುವ ಮೊಟ್ಟೆ, ತಲಾ 2 ಕಿಲೋದ 28 ಹೆಣ್ಣು ಮೀನುಗಳು ಇಡುವ ಒಟ್ಟು ಮೊಟ್ಟೆಗಿಂತ ಹೆಚ್ಚು. ಇದು 2018ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ. ಅಲ್ಲಿ ನೋಡಿದ ನೂರಾರು ಜಾತಿಗಳಲ್ಲಿ ಹೆಚ್ಚಿನವುಗಳ ಕಥೆ ಹೀಗೇ ಇತ್ತು. 28 ಮೀನುಗಳ ತೂಕ ಸೇರಿಸಿದರೆ 56 ಕಿಲೋ ಆಗುತ್ತದೆ. ಅರ್ಧ ತೂಕದ ಒಂದೇ ಮೀನು ಅವೆಲ್ಲವನ್ನೂ ಹಿಂದೆ ಹಾಕುತ್ತದೆ.

ಹಾಗಾಗಿ ಅಂಗಡಿಯಲ್ಲಿ ಆಳೆತ್ತರದ ಮೀನು ಮಲಗಿಸಿಟ್ಟಿದ್ದು ಕಂಡರೆ ನನಗೆ ಹಿಗ್ಗಾಗುವುದಿಲ್ಲ. ಅದು ಬದುಕಿದ್ದರೆ ಇನ್ನೂ ಎಷ್ಟೋ ವರ್ಷ ಕಡಲು ತುಂಬುತ್ತಿತ್ತು. ಮಧ್ಯಮ ಗಾತ್ರದ, ಒಂದೆರಡು ಸಲ ಮೊಟ್ಟೆ ಇಟ್ಟಿರಬಹುದಾದ ಮೀನು ಕೊಳ್ಳುವುದು ಎಷ್ಟೋ ಮೇಲು.

ಮೊಟ್ಟೆ ಇಡಲು ಒಂದೇ ಜಾಗದಲ್ಲಿ ಸೇರುವ ಮೀನುಗಳ ಪಾಡು ಇನ್ನೂ ಕಷ್ಟ. ಕೆರಿಬಿಯನ್ ಕಡಲಿನ ನಸ್ಸೌ ಗ್ರೂಪರ್ ಚಳಿಗಾಲದ ಹುಣ್ಣಿಮೆಯ ಆಸುಪಾಸಿನಲ್ಲಿ, ವರ್ಷ ವರ್ಷವೂ ಅದೇ ಜಾಗಕ್ಕೆ ಸಾವಿರಗಟ್ಟಲೆ ಬರುತ್ತದೆ. ಮೀನುಗಾರರಿಗೆ ದಿನವೂ ಗೊತ್ತು, ಜಾಗವೂ ಗೊತ್ತು. ಬಹಳ ಕಡೆ ಈ ಗುಂಪುಗಳು ಅಳಿಸಿಯೇ ಹೋದವು. ಕೇಮನ್ ದ್ವೀಪಗಳಲ್ಲಿ 2003ರಲ್ಲಿ ಆ ಜಾಗಗಳನ್ನು ಮೀನುಗಾರಿಕೆಗೆ ಮುಚ್ಚಿದರು. ಮೊದಮೊದಲು ಏನೂ ಬದಲಾದಂತೆ ಕಾಣಲಿಲ್ಲ. ಆಮೇಲೆ ಲಿಟಲ್ ಕೇಮನ್‌ನ ಗುಂಪು ಮೂರು ಪಟ್ಟಿಗೂ ಮೀರಿ ಬೆಳೆಯಿತು. ಮೀನುಗಾರಿಕೆಗೆ ನಿಷೇಧ ಇರುವ ದಿನಗಳಲ್ಲಿ ಆ ಮೀನು ಬೇಡ ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ತಿನ್ನುವವರು ಬೇಡ ಎಂದರೆ ಏನಾದರೂ ಬದಲಾಗುತ್ತದೆಯೇ? ಒಂದು ಸಲ ಆಗಿದೆ. 1990ರ ದಶಕದಲ್ಲಿ ಉತ್ತರ ಅಟ್ಲಾಂಟಿಕ್‌ನ ಕತ್ತಿಮೀನು ತೀರಾ ಸೊರಗಿತ್ತು. ಗಾಳಕ್ಕೆ ಬೀಳುತ್ತಿದ್ದವುಗಳಲ್ಲಿ ಬಹಳಷ್ಟು ಇನ್ನೂ ಮೊಟ್ಟೆ ಇಡದ ಎಳೆಯವು. 1998ರಲ್ಲಿ ಅಮೆರಿಕದ ಕೆಲವು ಹೆಸರಾಂತ ಬಾಣಸಿಗರು ತಮ್ಮ ಅಡುಗೆಮನೆಗೆ ಈ ಮೀನು ತರುವುದಿಲ್ಲ ಎಂದರು. ನೂರಾರು ಹೋಟೆಲುಗಳು ಜೊತೆಯಾದವು. 1999ರಲ್ಲಿ ಅಟ್ಲಾಂಟಿಕ್ ಟ್ಯೂನಾ ಆಯೋಗ, ಅಂದರೆ ಐಕ್ಯಾಟ್, ಹತ್ತು ವರ್ಷದ ಚೇತರಿಕೆಯ ಯೋಜನೆ ಒಪ್ಪಿಕೊಂಡಿತು. 2000ದಲ್ಲಿ ಅಮೆರಿಕ ಮರಿಗಳು ಬೆಳೆಯುವ ಜಾಗಗಳನ್ನು ಮುಚ್ಚಿತು. ಅಲ್ಲಿಗೆ ಬಾಣಸಿಗರು ಬಹಿಷ್ಕಾರ ಕೈಬಿಟ್ಟರು. 2009ರ ಹೊತ್ತಿಗೆ ಆ ಗುಂಪು ಪೂರ್ತಿ ಚೇತರಿಸಿಕೊಂಡಿತು ಎಂದು ಐಕ್ಯಾಟ್ ಹೇಳಿತು. ಊಟ ಬಿಟ್ಟಿದ್ದರಿಂದಲೇ ಮೀನು ಬದುಕಿತು ಎಂದು ನಾನು ಹೇಳುವುದಿಲ್ಲ. ಮೀನನ್ನು ಉಳಿಸಿದ್ದು ಕಾನೂನು. ಆದರೆ ಕಾನೂನು ಮಾಡುವವರ ಮೇಲೆ ಒತ್ತಡ ಬಂದಿದ್ದರಲ್ಲಿ ತಿನ್ನುವವರ ಪಾಲೂ ಇತ್ತು.

ಚಿಕ್ಕ ಮೀನು ಒಳ್ಳೆಯದು, ಆದರೆ

ವಯಸ್ಸಿನ ಲೆಕ್ಕ ಹಿಡಿದು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಚಿಕ್ಕ ಮೀನುಗಳು. ಬೂತಾಯಿ, ಬಂಗುಡೆ, ಆಂಚೋವಿ. ಇವು ಒಂದೆರಡು ವರ್ಷದಲ್ಲಿ ದೊಡ್ಡವಾಗಿ ಮೊಟ್ಟೆ ಇಡುತ್ತವೆ. ನೀರಿನ ಮೇಲ್ಭಾಗದಲ್ಲಿ ದಟ್ಟ ಗುಂಪಾಗಿ ಓಡಾಡುತ್ತವೆ. ಸುತ್ತುಬಲೆ ಹಾಕಿದರೆ ಬೇರೆ ಜಾತಿ ಅಷ್ಟಾಗಿ ಸೇರುವುದಿಲ್ಲ, ಕಡಲ ತಳವೂ ಕೆದಕಿ ಹೋಗುವುದಿಲ್ಲ. ಡೀಸೆಲ್ ಕೂಡ ಕಡಿಮೆ ಸಾಕು. ಒಂದು ಟನ್ ಸಿಗಡಿಗೆ ಕಡಲ ತಳದಲ್ಲಿ ಬಲೆ ಎಳೆಯಲು ಸಾವಿರಾರು ಲೀಟರ್ ಸುಡಬೇಕಾಗಬಹುದು. ಒಂದು ಟನ್ ಚಿಕ್ಕ ಮೀನಿಗೆ ಹಲವು ಕಡೆ ನೂರು ಲೀಟರ್ ಕೂಡ ಬೇಕಾಗುವುದಿಲ್ಲ. ಮೈಗೂ ಒಳ್ಳೆಯದು. ಒಮೆಗಾ-3 ಕೊಬ್ಬು ಧಾರಾಳ. ಮುಳ್ಳಿನ ಸಮೇತ ತಿಂದರೆ ಸುಣ್ಣದಂಶವೂ ಸಿಗುತ್ತದೆ.

ಅಂಥ ಮೀನನ್ನು ನಾವು ತಿನ್ನುವುದೇ ಕಡಿಮೆ ಎಂಬುದು ನನಗೆ ಬೇಸರದ ವಿಷಯ. 2022ರಲ್ಲಿ ಸುಮಾರು 1.7 ಕೋಟಿ ಟನ್ ಮೀನು ಪುಡಿಯಾಗಿ, ಎಣ್ಣೆಯಾಗಿ ಹೋಯಿತು. ಅದರಲ್ಲಿ ಬಹುಪಾಲು ಸಾಕಣೆ ಮೀನು, ಸಿಗಡಿ, ಕೋಳಿ, ಹಂದಿಗಳ ಮೇವು. ಹೀಗೆ ಪುಡಿಯಾಗುವ ಚಿಕ್ಕ ಮೀನಿನಲ್ಲಿ ಹೆಚ್ಚಿನದು ಮನುಷ್ಯರು ನೇರವಾಗಿ ತಿನ್ನಬಹುದಾದದ್ದೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಬೇಗ ಬೆಳೆಯುವ ಮೀನು ಬೇಗ ಮುಗಿದೂ ಹೋಗಬಲ್ಲದು. ಪೆರು ದೇಶದ ಕರಾವಳಿಯ ಆಂಚೊವೆಟಾ ಜಗತ್ತಿನಲ್ಲೇ ಅತಿ ಹೆಚ್ಚು ಹಿಡಿಯುವ ಮೀನು. 1970ರಲ್ಲಿ ಸುಮಾರು 1.2 ಕೋಟಿ ಟನ್ ಹಿಡಿದಿದ್ದರು. 1972ರಲ್ಲಿ ಎಲ್ ನಿನೊ ಬಂತು, ನೀರು ಬೆಚ್ಚಗಾಯಿತು. ಮಿತಿ ಮೀರಿ ಹಿಡಿದು ಮೊದಲೇ ಬಡವಾಗಿದ್ದ ಗುಂಪು ಕುಸಿದು ಬಿತ್ತು. 1973ರಲ್ಲಿ ಸಿಕ್ಕಿದ್ದು ಸುಮಾರು 20 ಲಕ್ಷ ಟನ್. ಅದೇ ದೇಶ 2023ರಲ್ಲಿ ಏನು ಮಾಡಿತು ನೋಡಿ. ಋತುವಿನ ಶುರುವಿನಲ್ಲೇ ಬಲೆಯಲ್ಲಿ ಮರಿಗಳೇ ಜಾಸ್ತಿ ಬರುತ್ತಿವೆ ಎಂದು ಗೊತ್ತಾದಾಗ, ದೊಡ್ಡ ಆದಾಯದ ಆ ಇಡೀ ಋತುವನ್ನೇ ರದ್ದು ಮಾಡಿತು. ಅಂಥ ನಿರ್ಧಾರಕ್ಕೆ ಎದೆಗಾರಿಕೆ ಬೇಕು.

ಎದೆಗಾರಿಕೆ ಇಲ್ಲದ ಕಡೆ ಏನಾಗುತ್ತದೆ ಎನ್ನುವುದಕ್ಕೆ ಈಶಾನ್ಯ ಅಟ್ಲಾಂಟಿಕ್‌ನ ಬಂಗುಡೆ ಸಾಕ್ಷಿ. ಎರಡು ಮೂರು ವರ್ಷಕ್ಕೆ ಮೊಟ್ಟೆ ಇಡುವ, ಎಷ್ಟೋ ವರ್ಷ 'ಯೋಚಿಸದೆ ತಿನ್ನಬಹುದು' ಎಂದು ಎಲ್ಲರೂ ಹೇಳುತ್ತಿದ್ದ ಮೀನು ಅದು. ನಾರ್ವೆ, ಐಸ್‌ಲ್ಯಾಂಡ್, ಫ್ಯಾರೋ ದ್ವೀಪಗಳು, ಬ್ರಿಟನ್, ಯುರೋಪಿಯನ್ ಒಕ್ಕೂಟ, ಎಲ್ಲರಿಗೂ ಅದರಲ್ಲಿ ಪಾಲು ಬೇಕು. ಒಟ್ಟು ಎಷ್ಟು ಹಿಡಿಯಬಹುದು ಎಂದು ವಿಜ್ಞಾನಿಗಳು ವರ್ಷ ವರ್ಷ ಹೇಳುತ್ತಾರೆ. ಯಾರಿಗೆಷ್ಟು ಪಾಲು ಎಂಬುದು ಮಾತ್ರ ಬಗೆಹರಿಯುವುದಿಲ್ಲ. ಪ್ರತಿ ದೇಶವೂ ತನಗೆ ಬೇಕಾದಷ್ಟು ಬರೆದುಕೊಂಡು ಕೂಡಿಸಿದರೆ ಮೊತ್ತ ಮಿತಿ ದಾಟುತ್ತದೆ. ಕಡಲಿಗೆ ಭಾರವಾಗದಂತೆ ಹಿಡಿದ ಮೀನಿಗೆ ಎಂಎಸ್‌ಸಿ ಎಂಬ ಮಂಡಳಿ ಪ್ರಮಾಣಪತ್ರ ಕೊಡುತ್ತದೆ. 2019ರಲ್ಲೇ ಈ ಮೀನಿನ ಆ ಪ್ರಮಾಣಪತ್ರ ಅಮಾನತಾಯಿತು. 2026ಕ್ಕೆ ವಿಜ್ಞಾನಿಗಳು ಕೊಟ್ಟ ಸಲಹೆ ಹಿಂದಿನ ವರ್ಷದ ಸಲಹೆಗಿಂತ ಶೇ. 70 ಕಡಿಮೆ. ಮೀನಿನ ಸ್ವಭಾವದಲ್ಲಿ ಏನೂ ತಪ್ಪಿರಲಿಲ್ಲ.

ಒಂದೇ ಮೀನು, ಬೇರೆ ಬೇರೆ ಬಲೆ

ಟ್ಯೂನಾ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಸ್ಕಿಪ್‌ಜಾಕ್. ಟ್ಯೂನಾ ಬಳಗದಲ್ಲಿ ಚಿಕ್ಕದು, ಒಂದೂವರೆ ವರ್ಷದ ಒಳಗೇ ಮೊಟ್ಟೆ ಇಡಲು ತಯಾರು. ಜಗತ್ತಿನ ಸ್ಕಿಪ್‌ಜಾಕ್ ಗುಂಪುಗಳು ಒಟ್ಟಿನಲ್ಲಿ ಚೆನ್ನಾಗಿವೆ. ಹಾಗಾದರೆ ಕಣ್ಣುಮುಚ್ಚಿ ಕೊಳ್ಳಬಹುದೇ? ಅದನ್ನು ಹಿಡಿದಿದ್ದು ಹೇಗೆ ಎಂದು ನೋಡಬೇಕು.

ತೆರೆದ ಕಡಲಿನಲ್ಲಿ ಏನಾದರೂ ತೇಲುತ್ತಿದ್ದರೆ ಅದರ ನೆರಳಿಗೆ ಮೀನು ಸೇರುತ್ತದೆ. ಇದನ್ನು ತಿಳಿದು ದೊಡ್ಡ ಹಡಗುಗಳು ತೆಪ್ಪದಂಥ ತೇಲುವ ಸಾಧನಗಳನ್ನು ಬಿಟ್ಟಿರುತ್ತವೆ. ಇವಕ್ಕೆ ಫ್ಯಾಡ್ ಎನ್ನುತ್ತಾರೆ. ಕೆಲವು ದಿನ ಬಿಟ್ಟು ಬಂದು ಸುತ್ತ ಬಲೆ ಹಾಕಿದರೆ ಸ್ಕಿಪ್‌ಜಾಕ್ ಸಿಗುತ್ತದೆ. ಅದರ ಜೊತೆಗೆ ಬಿಗ್‌ಐ, ಹಳದಿ ರೆಕ್ಕೆಯ ಟ್ಯೂನಾಗಳ ಮರಿಗಳೂ, ಶಾರ್ಕ್‌ಗಳೂ ಸಿಕ್ಕಿಬೀಳುತ್ತವೆ. ಸ್ಕಿಪ್‌ಜಾಕ್‌ನಷ್ಟೇ ಉದ್ದದ ಮರಿ ಬಿಗ್‌ಐ ಬದುಕಿದ್ದರೆ ಆಳೆತ್ತರ ಆಗುತ್ತಿತ್ತು. ತೇಲುವ ಸಾಧನ ಇಲ್ಲದೆ, ಸ್ವತಂತ್ರವಾಗಿ ಈಜುವ ಗುಂಪಿಗೆ ಬಲೆ ಹಾಕಿದರೆ ಈ ನಷ್ಟ ಬಹಳ ಕಡಿಮೆ. ಕೋಲು ಗಾಳದಿಂದ ಒಂದೊಂದೇ ಮೀನು ಎತ್ತುವ ಪದ್ಧತಿ ಇನ್ನೂ ಮೇಲು. ಮಾಲ್ಡೀವ್ಸ್‌ನಲ್ಲಿ ತಲೆತಲಾಂತರದಿಂದ ಹೀಗೇ ಹಿಡಿಯುತ್ತಾರೆ. ಅದಕ್ಕೂ ಎರೆಯಾಗಿ ಚಿಕ್ಕ ಮೀನು ಬೇಕು ಎಂಬುದನ್ನು ಮರೆಯಬಾರದು. ಆದರೂ ನನ್ನ ಆಯ್ಕೆ ಅದೇ. ಡಬ್ಬಿಯ ಮೇಲೆ ಕೋಲು ಗಾಳ ಎಂದೋ ಫ್ಯಾಡ್ ಬಳಸಿಲ್ಲ ಎಂದೋ ಬರೆದಿದ್ದರೆ ಅದು ಬರೀ ಜಾಹೀರಾತಿನ ಮಾತಲ್ಲ. ಅದರ ಹಿಂದೆ ನಿಜವಾದ ವ್ಯತ್ಯಾಸ ಇದೆ.

ಕಡಲ ತಳದ ಟ್ರಾಲ್ ಬಲೆಯ ಬಗ್ಗೆ ಜೋರು ಜಗಳಗಳಿವೆ. ಮರಳಿನ ತಳದಲ್ಲಿ ಎಳೆದ ಬಲೆಯನ್ನೂ, ಸಾವಿರ ವರ್ಷದ ಹವಳದ ಮೇಲೆ ಎಳೆದ ಬಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಲೆ ಸದಾ ಕಲಕುವ ಮರಳು ಬೇಗ ಸುಧಾರಿಸಿಕೊಳ್ಳುತ್ತದೆ. ಹವಳಕ್ಕೆ ಆ ಯೋಗವಿಲ್ಲ. ಇನ್ನೊಂದು ಸಮಸ್ಯೆ ಬೇಡದ ಮೀನು. ಎಫ್‌ಎಒ ಅಂದಾಜಿನಂತೆ 2010ರಿಂದ 2014ರ ನಡುವೆ ವರ್ಷಕ್ಕೆ ಸುಮಾರು 91 ಲಕ್ಷ ಟನ್ ಮೀನನ್ನು ಹಿಡಿದು ವಾಪಸ್ ಕಡಲಿಗೆ ಎಸೆದಿದ್ದಾರೆ. ಹೆಚ್ಚಿನದು ಸತ್ತದ್ದು, ಇಲ್ಲವೇ ಸಾಯುತ್ತಿದ್ದದ್ದು. ಇದರಲ್ಲಿ ಹತ್ತಿರ ಹತ್ತಿರ ಅರ್ಧ ತಳದ ಟ್ರಾಲ್‌ಗಳದ್ದು. ಸಿಗಡಿ ಬಲೆ ಅದರಲ್ಲಿ ಮುಂದು. ಕಡಲಾಮೆ ಹೊರಗೆ ನುಸುಳಿ ಹೋಗುವಂಥ ಕಿಂಡಿ, ಸಿಗಡಿ ಮಾತ್ರ ಒಳಗೆ ಬಿಟ್ಟು ಮೀನನ್ನು ಹೊರಗೆ ದಾಟಿಸುವ ಸರಳುಗಳ ಜಾಲರಿ, ಇವೆಲ್ಲ ಬಂದು ದಶಕಗಳೇ ಆದವು. ನಾರ್ವೆ 1990ರ ದಶಕದ ಶುರುವಿನಲ್ಲೇ ಅಂಥ ಜಾಲರಿಯನ್ನು ಕಡ್ಡಾಯ ಮಾಡಿತು. ಉಪಾಯ ಇದೆ. ಎಲ್ಲ ಕಡೆ ಬಳಸುತ್ತಿಲ್ಲ.

ಹೆಸರಿನ ಮರೆಯಲ್ಲಿ

ಶಾರ್ಕ್ ಮತ್ತು ತೊರಕೆಗಳನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಇವು ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನುಗಳಲ್ಲ. ಎಷ್ಟೋ ಜಾತಿಗಳು ಹತ್ತು ವರ್ಷ ದಾಟಿದ ಮೇಲೆ, ಒಂದು ಸಲಕ್ಕೆ ಕೆಲವೇ ಮರಿ ಹಾಕುತ್ತವೆ. ಸ್ಪೈನಿ ಡಾಗ್‌ಫಿಶ್ ಎಂಬ ಚಿಕ್ಕ ಶಾರ್ಕ್ ಬಸುರಿಯಾದರೆ ಹೆರಲು ಎರಡು ವರ್ಷದ ಹತ್ತಿರ ಬೇಕು. ತೆರೆದ ಕಡಲಿನ ಶಾರ್ಕ್, ತೊರಕೆಗಳ ಸಂಖ್ಯೆ 1970ರಿಂದೀಚೆಗೆ ಶೇ. 71ರಷ್ಟು ಇಳಿದಿದೆ ಎಂದು 2021ರ ಅಧ್ಯಯನವೊಂದು ತೋರಿಸಿತು.

ತೊಂದರೆ ಏನೆಂದರೆ, ತಿನ್ನುವವರಿಗೆ ಶಾರ್ಕ್ ತಿನ್ನುತ್ತಿದ್ದೇವೆ ಎಂದೇ ಗೊತ್ತಿರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಅದು 'ಫ್ಲೇಕ್', ಬ್ರಿಟನ್ನಿನಲ್ಲಿ 'ರಾಕ್ ಸಾಮನ್', ಬ್ರೆಜಿಲ್‌ನಲ್ಲಿ 'ಕಸಾಂವ್'. ದಕ್ಷಿಣ ಧ್ರುವದ ಸುತ್ತಲಿನ ತಣ್ಣೀರಿನಲ್ಲಿ ಬದುಕುವ, 50 ವರ್ಷದವರೆಗೆ ಬಾಳುವ ಟೂತ್‌ಫಿಶ್ ಅಮೆರಿಕದಲ್ಲಿ 'ಚಿಲಿಯನ್ ಸೀ ಬಾಸ್' ಆಗಿ ಹೆಸರಾಯಿತು. ಇವೆಲ್ಲ ಕಾನೂನು ಒಪ್ಪಿದ ಹೆಸರುಗಳು. ಮೋಸದ ಹೆಸರುಗಳು ಬೇರೆ. ಓಶಿಯಾನಾ ಎಂಬ ಸಂಸ್ಥೆ ಅಮೆರಿಕದ ಅಂಗಡಿ, ಹೋಟೆಲುಗಳಿಂದ 1,215 ಮಾದರಿ ತಂದು ಡಿಎನ್‌ಎ ಪರೀಕ್ಷೆ ಮಾಡಿಸಿ 2013ರಲ್ಲಿ ಫಲಿತಾಂಶ ಕೊಟ್ಟಿತು. ಮೂರರಲ್ಲಿ ಒಂದರ ಹೆಸರು ತಪ್ಪಾಗಿತ್ತು.

ಅದಕ್ಕೇ ಇಡೀ ಮೀನು ಕೊಳ್ಳುವುದು ಒಳ್ಳೆಯದು. ತಲೆ, ರೆಕ್ಕೆ, ಚರ್ಮ ಇದ್ದರೆ ಯಾವ ಮೀನು ಎಂದು ತಿಳಿಯುತ್ತದೆ. ಗಾತ್ರ ಕಾಣುತ್ತದೆ. ಮರಿಯೋ ದೊಡ್ಡದೋ ಗೊತ್ತಾಗುತ್ತದೆ. ಚರ್ಮ ಸುಲಿದು ಕತ್ತರಿಸಿದ ತುಂಡಿಗೆ ಯಾವ ಹೆಸರು ಬೇಕಾದರೂ ಅಂಟಿಸಬಹುದು. ಪ್ಯಾಕೆಟ್ ಕೊಳ್ಳುವುದಾದರೆ ಅದರ ವೈಜ್ಞಾನಿಕ ಹೆಸರು ಹುಡುಕಿ. ಹಿಡಿದ ಪ್ರದೇಶದ ಸಂಖ್ಯೆಯೂ ಇರಬಹುದು. ಎಫ್‌ಎಒ 27 ಎಂದರೆ ಈಶಾನ್ಯ ಅಟ್ಲಾಂಟಿಕ್, 51 ಎಂದರೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗ, 71 ಎಂದರೆ ಪೆಸಿಫಿಕ್‌ನ ನಡುವಿನ ಪಶ್ಚಿಮ ಭಾಗ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಹಿಡಿದ ಜಾಗವನ್ನು ಧೈರ್ಯವಾಗಿ ಬರೆದ ಪ್ಯಾಕೆಟ್ಟಿಗೂ ಸುಮ್ನೆ 'ಸಮುದ್ರದ ಮೀನು' ಎಂದು ಬರೆದ ಪ್ಯಾಕೆಟ್ಟಿಗೂ ಇರುವ ಅಂತರ ಗಮನಿಸಿದರೂ ಸಾಕು.

ನೀಲಿ ಬಣ್ಣದ ಎಂಎಸ್‌ಸಿ ಗುರುತು ಹಲವರಿಗೆ ಪರಿಚಯ. 1997ರಲ್ಲಿ ಯೂನಿಲಿವರ್ ಕಂಪನಿ ಮತ್ತು ವನ್ಯಜೀವಿ ಸಂರಕ್ಷಣೆಯ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಸೇರಿ ಆ ಮಂಡಳಿಯನ್ನು ಶುರು ಮಾಡಿದವು. ಅದರ ಕೆಲವು ಪ್ರಮಾಣಪತ್ರಗಳ ಬಗ್ಗೆ ಪರಿಸರದವರ ತಕರಾರು ಇದೆ. ಆದರೂ ಏನೂ ಮಾಹಿತಿ ಇಲ್ಲದ ಪ್ಯಾಕೆಟ್ಟಿಗಿಂತ ಅದು ವಾಸಿ ಎಂದೇ ನನ್ನ ಅನಿಸಿಕೆ. ಗುರುತು ಇಲ್ಲದ ಮೀನೆಲ್ಲ ಕೆಟ್ಟದ್ದು ಎಂದುಕೊಳ್ಳುವುದು ಮಾತ್ರ ಅನ್ಯಾಯ. ತಪಾಸಣೆಗೆ ದುಡ್ಡು, ಕಾಗದಪತ್ರ ಬೇಕು. ಪುಟ್ಟ ದೋಣಿಯವರಿಗೆ ಅವೆರಡೂ ಇರುವುದಿಲ್ಲ. ಜಗತ್ತಿನಲ್ಲಿ ಹಿಡಿಯುವ ಮೀನಿನಲ್ಲಿ ಸುಮಾರು ಶೇ. 40 ಸಣ್ಣ ಮೀನುಗಾರರದ್ದು. ಕೈಗಾಳದಿಂದ ಹಿಡಿದು, ಸಂಜೆಯೊಳಗೆ ದಡಕ್ಕೆ ತಂದ ಮೀನಿಗೆ ಎಷ್ಟೋ ಸಲ ಯಾವ ಗುರುತೂ ಇರುವುದಿಲ್ಲ.

ವಯಸ್ಸು ನಮ್ಮ ಮೈಗೂ ಬರುತ್ತದೆ

ಪಾದರಸದ ವಿಷಯ ಕೇಳಿರುತ್ತೀರಿ. ನೀರಿಗೆ ಸೇರಿದ ಪಾದರಸವನ್ನು ಬ್ಯಾಕ್ಟೀರಿಯಾಗಳು ಮಿಥೈಲ್ ಪಾದರಸ ಮಾಡುತ್ತವೆ. ಚಿಕ್ಕ ಜೀವಿಯಿಂದ ಚಿಕ್ಕ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಅದು ಏರುತ್ತಾ ಹೋಗುತ್ತದೆ. ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ. ಹೆಚ್ಚು ವರ್ಷ ಬದುಕಿದ ಮೀನಿನಲ್ಲಿ ಹೆಚ್ಚು ವರ್ಷದ ಪಾದರಸ ಕೂತಿರುತ್ತದೆ. ಬಸುರಿಯರು, ಎದೆಹಾಲು ಕುಡಿಸುವವರು, ಚಿಕ್ಕ ಮಕ್ಕಳು ಬಿಡಬೇಕಾದ ಮೀನುಗಳ ಪಟ್ಟಿಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕೊಟ್ಟಿದೆ. ಅದರಲ್ಲಿ ಶಾರ್ಕ್, ಕತ್ತಿಮೀನು, ಮಾರ್ಲಿನ್, ಕಿಂಗ್ ಮ್ಯಾಕೆರೆಲ್, ಬಿಗ್‌ಐ ಟ್ಯೂನಾ ಇವೆ. ಆರೆಂಜ್ ರಫಿಯೂ ಇದೆ. ಸುರಕ್ಷಿತ ಎಂದು ಹೇಳಿದ ಪಟ್ಟಿಯಲ್ಲಿ ಬೂತಾಯಿಯ ಬಳಗ, ಆಂಚೋವಿ, ಅಟ್ಲಾಂಟಿಕ್ ಬಂಗುಡೆ ಇವೆ. ಕಡಲಿಗೆ ಭಾರವಾದ ಮೀನೇ ಬಹುಮಟ್ಟಿಗೆ ನಮ್ಮ ಮೈಗೂ ಭಾರ. ಬಸುರಿಯರು ಮೀನನ್ನೇ ಬಿಡಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಾದರಸ ಕಡಿಮೆ ಇರುವ ಮೀನನ್ನು ವಾರಕ್ಕೆ 225ರಿಂದ 340 ಗ್ರಾಂ ತಿನ್ನಿ ಎಂಬುದು ಅದೇ ಆಡಳಿತದ ಸಲಹೆ.

ಟ್ಯೂನಾ, ಬಂಗುಡೆ, ಬೂತಾಯಿಗಳನ್ನು ಹಿಡಿದ ಕೂಡಲೇ ಮಂಜುಗಡ್ಡೆಯಲ್ಲಿ ಇಡಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಹುಟ್ಟುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗುವುದು, ತಲೆನೋವು, ಮೈ ತುರಿಕೆ ಇದರ ಲಕ್ಷಣ. ಹಡಗಿನಲ್ಲೇ ಹೆಪ್ಪುಗಟ್ಟಿಸಿದ ಮೀನನ್ನು 'ಹಳತು' ಎಂದು ದೂರ ಮಾಡಬೇಕಿಲ್ಲ. ವಿಮಾನದಲ್ಲಿ ಹಾರಿ ಬಂದ 'ತಾಜಾ' ಮೀನಿಗಿಂತ ಅದು ಎಷ್ಟೋ ಸಲ ಒಳ್ಳೆಯ ಸ್ಥಿತಿಯಲ್ಲಿರುತ್ತದೆ, ಹಾಳಾಗುವುದೂ ಕಡಿಮೆ. ಜಗತ್ತಿನಲ್ಲಿ ಸಿಗುವ ಮೀನಿನಲ್ಲಿ ಸುಮಾರು ಶೇ. 35 ದಾರಿಯಲ್ಲೇ ನಷ್ಟವಾಗುತ್ತದೆ, ಇಲ್ಲವೇ ವ್ಯರ್ಥವಾಗುತ್ತದೆ ಎಂದು ಎಫ್‌ಎಒ ಅಂದಾಜು ಮಾಡಿತ್ತು. ಕೊಂಡ ಮೀನನ್ನು ಕೆಡಿಸದೆ ತಿನ್ನುವುದಕ್ಕೆ ಯಾವ ಲೇಬಲ್ಲೂ ಬೇಕಿಲ್ಲ.

ಹಡಗಿನ ಮೇಲಿರುವವರು

ಮೀನು ಸರಿಯಾಗಿದ್ದರೂ ಹಿಡಿದವರ ಬದುಕು ಸರಿಯಾಗಿರಬೇಕಲ್ಲ. ಇಂಡೋನೇಷ್ಯಾದ ಬೆಂಜಿನಾ ಎಂಬಲ್ಲಿ ಮೀನುಗಾರರನ್ನು ಬೋನಿನಲ್ಲಿ ಕೂಡಿ ಹಾಕಿ ದುಡಿಸಿಕೊಳ್ಳುತ್ತಿದ್ದುದನ್ನು ಅಸೋಸಿಯೇಟೆಡ್ ಪ್ರೆಸ್‌ನ ಪತ್ರಕರ್ತೆಯರು 2015ರಲ್ಲಿ ಬಯಲಿಗೆ ತಂದರು. ಎರಡು ಸಾವಿರಕ್ಕೂ ಹೆಚ್ಚು ಜನ ಬಿಡುಗಡೆಯಾದರು. ತಿಂಗಳುಗಟ್ಟಲೆ ದಡ ಕಾಣದ ಹಡಗುಗಳಲ್ಲಿ ಇಂಥದ್ದು ನಡೆಯಲು ಒಂದು ಕಾರಣ, ಹತ್ತಿರದ ಮೀನು ಮುಗಿದು ದೂರ ದೂರ ಹೋಗಬೇಕಾಗಿ ಬಂದದ್ದು. ಖರ್ಚು ಏರುತ್ತದೆ, ಮೀನು ಇಳಿಯುತ್ತದೆ. ಉಳಿತಾಯ ಮಾಡಲು ಕೈಗೆ ಸಿಗುವುದು ಕೂಲಿಯವರು.

ಹಾಗೆ ದೂರ ಹೋಗಲು ಸರ್ಕಾರಗಳೇ ದುಡ್ಡು ಕೊಡುತ್ತವೆ. 2018ರಲ್ಲಿ ಜಗತ್ತಿನ ಮೀನುಗಾರಿಕೆಗೆ ಕೊಟ್ಟ ಸಬ್ಸಿಡಿ ಸುಮಾರು 3,540 ಕೋಟಿ ಡಾಲರ್. ಅದರಲ್ಲಿ ಸುಮಾರು 2,220 ಕೋಟಿ ಡಾಲರ್ ಇಂಧನದಂಥ, ಇನ್ನಷ್ಟು ಹಿಡಿಯಲು ನೆರವಾಗುವ ಬಾಬ್ತಿನದು. ಇದಕ್ಕೆ ಕಡಿವಾಣ ಹಾಕುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ 2022ರಲ್ಲಿ ಆಯಿತು, 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಅಕ್ರಮ ಮೀನುಗಾರಿಕೆಗೆ, ಈಗಾಗಲೇ ಬಡವಾದ ಗುಂಪುಗಳನ್ನು ಹಿಡಿಯುವುದಕ್ಕೆ ಸಬ್ಸಿಡಿ ಕೊಡಬಾರದು ಎನ್ನುತ್ತದೆ ಅದು. ಅಗತ್ಯಕ್ಕಿಂತ ದೊಡ್ಡ ಹಡಗುಪಡೆ ಕಟ್ಟಲು ಕೊಡುವ ಹಣದ ಮಾತು ಇನ್ನೂ ಬಾಕಿ ಇದೆ. ಅಂಗಡಿಯಲ್ಲಿ ನಾವು ಮಾಡುವ ಆಯ್ಕೆಗಿಂತ ಇಂಥ ಒಪ್ಪಂದಗಳ ತೂಕ ಜಾಸ್ತಿ. ಮೀನು ತಿನ್ನುವವರು ಈ ಸುದ್ದಿಗಳನ್ನೂ ಹಿಂಬಾಲಿಸಬೇಕು ಎನ್ನುವುದು ನನ್ನ ಆಸೆ.

ಅಂಗಡಿಯ ಮುಂದೆ ನಿಂತಾಗ ನಾನು ಮಾಡುವುದು ಇಷ್ಟು. ಯಾವ ಮೀನು, ಎಲ್ಲಿಯದು, ಹೇಗೆ ಹಿಡಿದದ್ದು ಎಂದು ಕೇಳುತ್ತೇನೆ. ಎಷ್ಟೋ ಸಲ ಪೂರ್ತಿ ಉತ್ತರ ಸಿಗುವುದಿಲ್ಲ. ಆದರೂ ಕೇಳುತ್ತೇನೆ. ಹತ್ತು ಜನ ಕೇಳಿದ ಮೇಲೆ ಮಾರುವವರೂ ತಮಗೆ ಮೀನು ತಂದುಕೊಟ್ಟವರನ್ನು ಕೇಳತೊಡಗುತ್ತಾರೆ. ಉತ್ತರ ಗೊತ್ತಾಗದಿದ್ದರೆ ಚಿಕ್ಕ ಜಾತಿಯ, ಪೂರ್ತಿ ಬೆಳೆದ ಮೀನು ತರುತ್ತೇನೆ. ಹವಳದ ಮೇಲಿನ ಪಾಚಿ ಮೇಯ್ದು ಅದನ್ನು ಕಾಯುವ ಗಿಳಿಮೀನನ್ನು ಮುಟ್ಟುವುದಿಲ್ಲ. ಪ್ರತಿ ಸಲವೂ ಅದೇ ಮೀನು ಬೇಕೆಂಬ ಹಟ ಬಿಟ್ಟಿದ್ದೇನೆ. ಆ ದಿನ ಬಲೆಗೆ ಏನು ಧಾರಾಳವಾಗಿ ಬಿದ್ದಿದೆಯೋ ಅದು. ದೊಡ್ಡ ಮೀನು ಅಪರೂಪಕ್ಕೆ, ಸ್ವಲ್ಪವೇ.

ಕಾದರೆ ಮೀನು ಬರುತ್ತದೆ ಎಂಬುದಕ್ಕೆ ಪೆಸಿಫಿಕ್‌ನ ನೀಲಿರೆಕ್ಕೆ ಟ್ಯೂನಾ ಇದೆ. ಹಿಡಿಯುವುದನ್ನು ಕಡಿಮೆ ಮಾಡಿದ ಮೇಲೆ, ಇಟ್ಟುಕೊಂಡ ಗುರಿಯನ್ನು ಹತ್ತಿರ ಹತ್ತಿರ ಹತ್ತು ವರ್ಷ ಮೊದಲೇ, 2021ರಲ್ಲಿ ತಲುಪಿತು. ಎಲ್ಲ ಮೀನೂ ಹಾಗೆ ಬರುವುದಿಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನ ಕಾಡ್ ಮೀನನ್ನು ಶತಮಾನಗಳ ಕಾಲ ಹಿಡಿದಿದ್ದರು. 1968ರಲ್ಲಿ ಒಂದೇ ವರ್ಷಕ್ಕೆ ಸುಮಾರು 8 ಲಕ್ಷ ಟನ್ ಹಿಡಿದರು. 1992ರ ಜುಲೈ 2ರಂದು ಸರ್ಕಾರ ಮೀನುಗಾರಿಕೆ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷ ಸಾಕು, ಮೀನು ವಾಪಸ್ ಬರುತ್ತದೆ ಎಂದು ಆಗ ಹೇಳಿದ್ದರು. ಅಲ್ಲಿಯ ತಣ್ಣೀರಿನಲ್ಲಿ ಒಂದು ಕಾಡ್ ಮೀನು ಮೊಟ್ಟೆ ಇಡಲೇ ಐದಾರು ವರ್ಷ ಬೇಕು. ನಿಷೇಧ ತೆಗೆದದ್ದು 2024ರ ಜೂನ್‌ನಲ್ಲಿ, 32 ವರ್ಷದ ಮೇಲೆ. ಇನ್ನೂ ಹುಷಾರಾಗಿರಬೇಕು ಎನ್ನುವ ಹಂತದಲ್ಲೇ ಗುಂಪು ಇತ್ತು. ಆ ವರ್ಷ ಹಿಡಿಯಲು ಒಪ್ಪಿಗೆ ಕೊಟ್ಟದ್ದು 18,000 ಟನ್.